ಕಾಫಿ ತರಲು ಒಳಗೆ ಹೋದವರು

ಹಳೆ ಮರದ ಸಾಮಾನು ಕೊಳ್ಳುವಾಗ ನಾನು ಮೊದಲು ನೋಡುವುದು ಕಾಲು. ಆಮೇಲೆ ಬೆನ್ನು. ಕೊನೆಗೆ ಡ್ರಾಯರ್ ಎಳೆಯುತ್ತೇನೆ. ಕಿರ್ ಅನ್ನದೆ ಬಂದರೆ ಒಳ್ಳೆಯ ಕೈ ಮಾಡಿದ ಕೆಲಸ ಎಂದು ಲೆಕ್ಕ. ಪಾಲಿಶ್ ಕಡೆ ಕಣ್ಣನ್ನೇ ಹಾಯಿಸುವುದಿಲ್ಲ, ಅದನ್ನು ಯಾರು ಬೇಕಾದರೂ ಬಳಿಯಬಹುದು. ಮನುಷ್ಯರನ್ನೂ ಇದೇ ಕಣ್ಣಿನಿಂದ ನೋಡುವುದು ನನ್ನ ಹಳೆಯ ಚಾಳಿ. ಮದುವೆಗೆ ಮೊದಲು ತನ್ನನ್ನೂ ಹೀಗೇ ನೋಡಿದೆ, ಡ್ರಾಯರ್ ಒಂದು ಎಳೆಯಲಿಲ್ಲ ಅಷ್ಟೇ ಎಂದು ನನ್ನ ಹೆಂಡತಿ ಇವತ್ತಿಗೂ ಚುಚ್ಚುತ್ತಾಳೆ.

ಕಾಫಿ ಅಕ್ಕ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ ದಿನ ನಾನು ಮನಸ್ಸಿನಲ್ಲೇ ಬರೆದುಕೊಂಡ ಚೀಟಿ ಇದು. ವಯಸ್ಸು ಐವತ್ತರ ಆಚೆ ಈಚೆ. ಕಾಲು ಗಟ್ಟಿ, ಗಂಟೆಗಟ್ಟಲೆ ನಿಂತು ಪಳಗಿದ ಕಾಲು. ಬೆನ್ನು ನೇರ. ಸದ್ದಿಲ್ಲ. ಪಾಲಿಶ್ ಪೂರ್ತಿ ಹೋಗಿದೆ, ಮತ್ತೆ ಬಳಿಸಿಕೊಳ್ಳುವ ಆಸೆಯೂ ಇದ್ದಂತಿಲ್ಲ. ಬಳಕೆ ತುಂಬ ಆಗಿದೆ, ಆದರೆ ಯಾವಾಗಲೂ ಮೂಲೆಯಲ್ಲಿಟ್ಟು. ಒಟ್ಟು ತೀರ್ಮಾನ: ಬೇಗ ಸಾಗುವ ಮಾಲಲ್ಲ.

ಮೂವತ್ತು ವರ್ಷದ ವ್ಯಾಪಾರದಲ್ಲಿ ಇಷ್ಟು ದೊಡ್ಡ ತಪ್ಪು ತೂಕ ಇನ್ನೊಂದೇ ಒಂದು ಸಲ ಹಾಕಿದ್ದೇನೆ. ಅದು ನನ್ನ ಮಗಳ ವಿಷಯದಲ್ಲಿ. ಅವಳ ಮಾತು ಮಧ್ಯದಲ್ಲಿ ತಡೆಯುತ್ತದೆ. ಒಂದು ಅಕ್ಷರ ಹಿಡಿದುಕೊಂಡರೆ ಅದು ಬಿಡುವುದಿಲ್ಲ, ಬಾಗಿಲಿಗೆ ಸೆರಗು ಸಿಕ್ಕಿಕೊಂಡ ಹಾಗೆ. ಉಳಿದ ಮಾತನ್ನು ನಾನು ಪೂರೈಸಿಕೊಡುತ್ತಿದ್ದೆ. ಹಾಗೆ ಪೂರೈಸಿಕೊಡುವುದೇ ತಂದೆಯ ಕೆಲಸ ಎಂದು ನಂಬಿದ್ದೆ. ಹದಿಮೂರು ವರ್ಷದ ಹುಡುಗಿ ತನ್ನ ಬಾಯಿಂದ ಒಂದು ಇಡೀ ವಾಕ್ಯ ಆಡಿ ಮುಗಿಸುತ್ತಾಳೋ ಇಲ್ಲವೋ ಎಂಬುದು ನಮ್ಮ ಮನೆಯ ಚಿಂತೆಯಾಗಿತ್ತು. ಆ ಚಿಂತೆಗೆ ಅರ್ಧ ಕಾರಣ ನಾನೇ ಎಂಬುದು ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ನನ್ನ ಕಸುಬು ಹಳೆ ಮೇಜು ಕುರ್ಚಿ ಮಂಚಗಳನ್ನು ಟಿವಿ ಧಾರಾವಾಹಿಗಳ ಸೆಟ್ಟಿಗೆ ಬಾಡಿಗೆಗೆ ಕೊಡುವುದು. ನನ್ನದೊಂದು ಕೆಂಪು ಸೋಫಾ ಇದೆ. ಆರು ಧಾರಾವಾಹಿಗಳಲ್ಲಿ ಸಾಹುಕಾರರ ಮನೆಯಲ್ಲಿತ್ತು. ಗವಸು ಬದಲಿಸಿಕೊಂಡು ಎರಡರಲ್ಲಿ ದಿವಾಳಿಯೆದ್ದಿತು. ಅದನ್ನು ಇಳಿಸಲು, ಏರಿಸಲು ಸ್ಟುಡಿಯೋಗೆ ಹೋದಾಗಲೆಲ್ಲ, ಅಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದ ಅಕ್ಕನನ್ನು ನೋಡಿದ್ದೇನೆ. ನೋಡಿದ್ದೇನೆ ಅಷ್ಟೇ, ಅಳೆದಿರಲಿಲ್ಲ. ಸೋಫಾದ ಹಿಂದೆ ನಿಂತವರನ್ನು ಯಾರು ಅಳೆಯುತ್ತಾರೆ?

“ಅಕ್ಕಾ, ನಿಮಗಿಂತ ನನ್ನ ಸೋಫಾನೇ ಜಾಸ್ತಿ ಸಲ ಟಿವಿಲಿ ಬಂದಿದೆ,” ಎಂದು ಒಮ್ಮೆ ಅವರೆದುರೇ ಜಂಬ ಕೊಚ್ಚಿಕೊಂಡಿದ್ದೆ.

“ಬರದೆ ಏನು ಸಾಹುಕಾರ್ರೇ, ಅದಕ್ಕೆ ನನಗಿಂತ ಜಾಸ್ತಿ ಪಾತ್ರ ಇರ್ತಿತ್ತು. ಹೀರೋಯಿನ್ ಅದನ್ನ ಅಪ್ಕೊಂಡು ಅಳ್ತಿದ್ಲು. ನನ್ನ ಯಾರು ಅಪ್ಕೋತಾರೆ?” ಎಂದರು ಅವರು.

ಅವರ ಕಥೆ ಶುರುವಾದದ್ದು ಹಲ್ಲುನೋವಿನಿಂದ. ನೋವು ಅವರದಲ್ಲ. ಇಪ್ಪತ್ತೈದರ ವಯಸ್ಸಿನಲ್ಲಿ ಅವರು ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆದುಕೊಡುವ ಕೆಲಸದಲ್ಲಿದ್ದರು. ಒಂದು ದಿನ ದವಡೆ ಊದಿಸಿಕೊಂಡು ಬಂದವನು ಧಾರಾವಾಹಿಯ ನಿರ್ದೇಶಕ. ಡಾಕ್ಟರು ಊರಲ್ಲಿಲ್ಲ, ನಾಡಿದ್ದು ಬರುತ್ತಾರೆ ಎಂದು ಅಕ್ಕ ಹೇಳಿದಾಗ ಅವರ ಮುಖದಲ್ಲಿ ಎಷ್ಟು ಮರುಕವಿತ್ತೆಂದರೆ, ಆ ಮನುಷ್ಯ ಕೆನ್ನೆ ಹಿಡಿದುಕೊಂಡೇ ನರ್ಸ್ ಪಾತ್ರಕ್ಕೆ ಬರುತ್ತೀರಾ ಎಂದು ಕೇಳಿದ. ನೋವಿನಲ್ಲಿರುವ ಗಂಡಸಿನ ತೀರ್ಮಾನಗಳು ಹಾಗೇ ಇರುತ್ತವೆ.

ಮೊದಲ ಸಂಭಾಷಣೆ ಎರಡೇ ಪದ: “ಡಾಕ್ಟರ್ ಒಳಗಿದ್ದಾರೆ.” ಅದನ್ನು ಅಕ್ಕ ಒಂದು ವಾರ ತಮ್ಮ ತಾಯಿಯ ಮುಂದೆ ಹೇಳಿ ಹೇಳಿ ಅಭ್ಯಾಸ ಮಾಡಿದರು. ಸಂತೋಷದಿಂದ, ಸಂಶಯದಿಂದ, ಡಾಕ್ಟರ ಮೇಲೆ ಗುಟ್ಟಾಗಿ ಪ್ರೀತಿ ಇರುವವಳ ಹಾಗೆ. ಏಳನೆಯ ದಿನ ತಾಯಿ ರೋಸಿಹೋಗಿ, “ಒಳಗಿದ್ರೆ ಆಚೆ ಕರಿಯೇ ಮಾರಾಯ್ತಿ, ನಾನೇ ಮಾತಾಡ್ತೀನಿ,” ಎಂದರಂತೆ. ಸೆಟ್ಟಿನಲ್ಲಿ ಅಕ್ಕ ಮಾತನ್ನು ಚೊಕ್ಕವಾಗಿ ಹೇಳಿದರು, ಜೊತೆಗೆ ಕೈಯನ್ನೂ ತೋರಿಸಿದರು. ತೋರಿಸಿದ್ದು ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಬಾಗಿಲಿನ ಕಡೆಗೆ. ಹೀರೋ ಸೀದಾ ಹೋಗಿ ಹಲಗೆಗೆ ಹಣೆ ಜಜ್ಜಿಕೊಂಡ. “ನನ್ನ ಅಭಿನಯನ ನಂಬಿದ ಮೊದಲ ಮನುಷ್ಯ ಅವನು. ಕೊನೆಯವನೂ ಅವನೇ ಇರ್ಬೇಕು,” ಎಂದು ಅಕ್ಕ ನಗುತ್ತಾರೆ.

ಅಲ್ಲಿಂದ ಹತ್ತೊಂಬತ್ತು ವರ್ಷ. ನರ್ಸ್ ಆಗಿ ಹನ್ನೊಂದು ಸಲ, ಹಾಸ್ಟೆಲ್ ವಾರ್ಡನ್ ಆಗಿ ನಾಲ್ಕು ಸಲ. ಎರಡು ಸಲ ನ್ಯಾಯಾಧೀಶೆ. ಎರಡು ಸಲವೂ ತೀರ್ಪು ಕೊಡುವ ಮೊದಲೇ ಆ ದಿನದ ಕಂತು ಮುಗಿದುಹೋಯಿತು, ಮರುದಿನದ ಕಂತಿನಲ್ಲಿ ಆರೋಪಿ ಆಗಲೇ ಜೈಲಿನಲ್ಲಿದ್ದ. ಒಂದರಲ್ಲಿ ತೀರಿಹೋದ ಅಮ್ಮನಾಗಿ ಎಂಟು ತಿಂಗಳು ಗೋಡೆಯ ಮೇಲೆ ಫೋಟೊ ಆಗಿ ನೇತಾಡಿದರು. ಆ ಫೋಟೊದ ಕಟ್ಟು ನನ್ನ ಅಂಗಡಿಯದು. ತಮ್ಮ ಜೀವಮಾನದ ಅತ್ಯುತ್ತಮ ಕೆಲಸ ಅದೇ, ಒಂದೇ ಒಂದು ಸಲವೂ ರೆಪ್ಪೆ ಬಡಿಯಲಿಲ್ಲ ಎನ್ನುತ್ತಾರೆ. ಅವರ ತಾಯಿಯಂತೂ ಮಗಳ ಒಂದು ಕಂತನ್ನೂ ತಪ್ಪಿಸದೆ ನೋಡಲು ಕೂರುತ್ತಿದ್ದರು, ಆದರೆ ಮಗಳು ಬರುವ ಹೊತ್ತಿಗೆ ಸರಿಯಾಗಿ ಹಾಲು ಉಕ್ಕುತ್ತಿತ್ತು. “ಬಂದ್ಯಂತಲ್ಲೇ? ಪಕ್ಕದ್ಮನೆಯವರು ಹೇಳಿದ್ರು,” ಎನ್ನುತ್ತಿದ್ದರಂತೆ.

ಇಲ್ಲಿ ಸೆಟ್ಟಿನ ಒಂದು ಪದ್ಧತಿಯನ್ನು ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಧಾರಾವಾಹಿಯಲ್ಲಿ ಯಾರಾದರೂ ಕೆಟ್ಟ ಸುದ್ದಿ ಹೇಳಿದರೆ, ಮನೆಯಲ್ಲಿರುವ ಪ್ರತಿಯೊಬ್ಬರ ಮುಖವನ್ನೂ ಕ್ಯಾಮೆರಾ ಒಂದೊಂದಾಗಿ ತೋರಿಸಬೇಕು. ಒಂದು ಮುಖಕ್ಕೆ ಐದು ಎಣಿಕೆ. ನಿರ್ದೇಶಕ ಗಟ್ಟಿಯಾಗಿ ಒಂದು, ಎರಡು ಎಂದು ಎಣಿಸುತ್ತಾನೆ, ಅದರ ಮೇಲೆ ಆಮೇಲೆ ಸಂಗೀತ ಸುರಿಯುತ್ತಾರೆ. ತನ್ನ ಸರದಿ ಮುಗಿಯುವ ತನಕ ಯಾರೂ ಅಲುಗುವ ಹಾಗಿಲ್ಲ. ಹೀರೋಯಿನ್ನಿನ ಮುಖ ಮೊದಲು, ಅದೂ ಮೂರು ಸಲ. ಆಮೇಲೆ ಅತ್ತೆ, ಮಾವ, ಗಂಡ, ಮೈದುನ. ಬಾಗಿಲ ಬಳಿ ಟ್ರೇ ಹಿಡಿದು ನಿಂತ ಅಕ್ಕನ ಸರದಿ ಕಟ್ಟಕಡೆಗೆ. ಅಷ್ಟು ಹೊತ್ತಿಗೆ ಹೀರೋಯಿನ್ ಕೂತು ಫೋನ್ ನೋಡುತ್ತಿರುತ್ತಿದ್ದಳು, ಅಕ್ಕ ಮಾತ್ರ ಇನ್ನೂ ಬೆಚ್ಚಿಬಿದ್ದೇ ಇರುತ್ತಿದ್ದರು.

“ಎರಡರ ತನಕ ನಟನೆ,” ಎಂದು ಅವರೊಮ್ಮೆ ನನಗೆ ಬಿಡಿಸಿ ಹೇಳಿದ್ದರು. “ಮೂರಕ್ಕೆ ಬೇಜಾರು. ನಾಲ್ಕಕ್ಕೆ ಎದುರಿಗಿರೋರು ಏನು ಹೇಳಿದ್ರು ಅನ್ನೋದು ನಿಜವಾಗ್ಲೂ ಕಿವಿಗೆ ಬೀಳುತ್ತೆ. ಐದಕ್ಕೆ ನಮ್ಮ ಮುಖ ತಾನಾಗೇ ಬದಲಾಗುತ್ತೆ. ಆದ್ರೆ ಐದಕ್ಕೆ ಕಟ್ ಅಂದ್ಬಿಡ್ತಾರೆ, ಏನ್ ಮಾಡೋದು.”

ಈ ಅಭ್ಯಾಸ ಅವರ ಮೈಗೆ ಹತ್ತಿಬಿಟ್ಟಿತ್ತು. ತರಕಾರಿಯವನು ಬೆಲೆ ಹೇಳಿದರೂ, ಬಸ್ಸಿನವನು ಚಿಲ್ಲರೆ ಇಲ್ಲ ಅಂದರೂ, ಅಕ್ಕ ಐದು ಎಣಿಸಿಯೇ ಬಾಯಿ ಬಿಡುವುದು.

ಅವರ ಹೆಸರಿಗೆ ಕಾಫಿ ಸೇರಿಕೊಂಡದ್ದು ಕೊನೆಯ ಧಾರಾವಾಹಿಯಲ್ಲಿ. ಅದರಲ್ಲಿ ಅವರು ಮನೆಯ ವಿಧವೆ ಚಿಕ್ಕಮ್ಮ. ಒಂದು ಕಂತಿನಲ್ಲಿ ನೆಂಟರು ಬಂದಾಗ “ಕೂತಿರಿ, ಕಾಫಿ ತರ್ತೀನಿ” ಎಂದು ಹೇಳಿ ಒಳಗೆ ಹೋದರು. ಆ ವಾರವೇ ಕಥೆ ಬರೆಯುವವನು ಬದಲಾದ. ಹೊಸಬನಿಗೆ ಚಿಕ್ಕಮ್ಮ ಅಡುಗೆಮನೆಯಲ್ಲಿರುವುದು ಗೊತ್ತಿರಲಿಲ್ಲ. ಧಾರಾವಾಹಿ ಮತ್ತೆ ಎರಡು ವರ್ಷ ನಡೆಯಿತು. ಆ ಮನೆಯಲ್ಲಿ ಎರಡು ಮದುವೆ, ಒಂದು ಕೊಲೆ ಆಯಿತು. ಚಿಕ್ಕಮ್ಮ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ.

ಅಕ್ಕ ನಲವತ್ತು ದಿನ ಫೋನ್ ಪಕ್ಕ ಕೂತಿದ್ದರು. ಆಮೇಲೆ ತಾವೇ ಹೋಗಿ ಬರೆಯುವವನನ್ನು ಕಂಡರು.

“ಯಾವ ಚಿಕ್ಕಮ್ಮ?” ಎಂದ ಅವನು.

“ಕಾಫಿ ತರೋಕೆ ಹೋದೋಳು.”

“ಓ... ಅವರಿಗೆ ಕಾಫಿ ಕೊಟ್ಟಾಯ್ತು ಮೇಡಂ. ಬೇರೆ ಯಾರೋ ಕೊಟ್ರು.”

“ಒಂದು, ಎರಡು ಅಂತ ಎಣಿಸ್ದೆ ಸಾಹುಕಾರ್ರೇ,” ಎಂದು ಅಕ್ಕ ಇದನ್ನು ಹೇಳುವಾಗಲೆಲ್ಲ ಕೈ ಬೆರಳು ಮಡಚುತ್ತಾರೆ. “ಐದಕ್ಕೆ ಗೊತ್ತಾಯ್ತು, ನನಗೆ ಕೆಲಸ ಇಲ್ಲ ಅಂತ.”

ಬೀದಿಯಲ್ಲಿ ಮಾತ್ರ ಜನ ಮರೆಯಲಿಲ್ಲ. “ಅಕ್ಕಾ, ಕಾಫಿ ಎಲ್ಲಿ?” ಎಂದು ಕಂಡಕಂಡವರೆಲ್ಲ ಕೇಳುವುದು, ಇವರು “ಡಿಕಾಕ್ಷನ್ ಇಳೀತಾ ಇದೆ” ಅನ್ನುವುದು. ಮನೆಯ ಹತ್ತಿರದ ಶಾಲೆಯೊಂದು ಇದೇ ಹೆಸರಿನ ಬಲದ ಮೇಲೆ ಅವರನ್ನು ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಕರೆಯಿತು. ಅಂದು ಮೈಕು ಕೈಕೊಟ್ಟಿತು. ರಿಪೇರಿಯವನು ಬರುವ ತನಕ ಇನ್ನೂರು ಮಕ್ಕಳನ್ನು ಸುಮ್ಮನಿರಿಸಿ ಎಂದು ಮುಖ್ಯೋಪಾಧ್ಯಾಯಿನಿ ಕೈ ಮುಗಿದು ಹೊರಗೆ ಹೋದರು. ಅಕ್ಕನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಒಬ್ಬರು ಏನಾದರೂ ಹೇಳಬೇಕು, ಉಳಿದವರು ಐದು ಎಣಿಸುವ ತನಕ ಅಲುಗದೆ ಕೇಳಿಸಿಕೊಳ್ಳಬೇಕು, ಆಮೇಲೆ ಉತ್ತರ. ಎಣಿಕೆ ನಾಲ್ಕಕ್ಕೆ ಬರುವಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಏದುಸಿರು ಬಿಡುತ್ತ ಓಡಿಬಂದರು. ಶಾಲೆ ಕಟ್ಟಿದ ಮೇಲೆ ಅಂಥ ನಿಶ್ಶಬ್ದ ಅವರು ಕೇಳಿರಲಿಲ್ಲ, ಏನೋ ಅನಾಹುತವಾಗಿದೆ ಎಂದುಕೊಂಡಿದ್ದರು.

ಅಲ್ಲಿಂದ ಶನಿವಾರ ಭಾನುವಾರ ಮಕ್ಕಳಿಗೆ ನಾಟಕ ಕಲಿಸುವ ಕೆಲಸ ಶುರುವಾಯಿತು. ಮೊದಲು ಶಾಲೆಯ ವರಾಂಡದಲ್ಲಿ, ಆಮೇಲೆ ಅವರ ಮನೆಯ ನಡುಕೋಣೆಯಲ್ಲಿ. ಹದಿನೆಂಟು ಮಕ್ಕಳು ಒಟ್ಟಿಗೆ ಭೂಕಂಪ ಅಭಿನಯಿಸಿದಾಗ ಕೆಳಗಿನ ಮನೆಯವರು ನಿಜವಾಗಿಯೂ ಬೀದಿಗೆ ಓಡಿದರು. ಆಗ ಜಾಗ ಹುಡುಕಿಕೊಂಡು ನನ್ನ ಅಂಗಡಿಗೆ ಬಂದರು.

ನನ್ನ ಗೋದಾಮಿನ ಮೇಲಿನ ಅಂತಸ್ತು ಕಾಲು ಮುರಿದ ಕುರ್ಚಿಗಳ ಆಸ್ಪತ್ರೆಯಾಗಿತ್ತು. ನಾನು ಬಾಡಿಗೆ ಹೇಳಿದೆ. ಅಕ್ಕ ನನ್ನ ಮುಖವನ್ನೇ ನೋಡುತ್ತ ನಿಂತರು. ಎರಡಕ್ಕೆ ನನಗೆ ಕಸಿವಿಸಿಯಾಯಿತು. ಮೂರಕ್ಕೆ ನಾನೇ ಬಾಡಿಗೆ ಇಳಿಸಿದೆ. ನಾಲ್ಕಕ್ಕೆ ಕುರ್ಚಿ ತೆಗೆಸಿ ಗುಡಿಸಿಕೊಡುತ್ತೇನೆ ಎಂದೆ. ಐದಕ್ಕೆ ಫ್ಯಾನನ್ನೂ ರಿಪೇರಿ ಮಾಡಿಸಲು ಒಪ್ಪಿಕೊಂಡೆ.

“ಆಯ್ತು ಸಾಹುಕಾರ್ರೇ,” ಎಂದರು ಅಕ್ಕ. ಇಡೀ ಚೌಕಾಶಿಯಲ್ಲಿ ಅವರು ಆಡಿದ ಮಾತು ಇಷ್ಟೇ. ಮಾತಿನಲ್ಲಿ ನನ್ನನ್ನು ಸೋಲಿಸಿದವರಿಲ್ಲ ಎಂದು ಬೀಗುತ್ತಿದ್ದವನು ನಾನು. ಮಾತೇ ಆಡದೆ ಸೋಲಿಸಬಹುದೆಂದು ಯಾರೂ ಎಚ್ಚರಿಸಿರಲಿಲ್ಲ. ನನ್ನ ಹೆಂಡತಿ ಅಂದು ಅನ್ನಕ್ಕಿಂತ ಹೆಚ್ಚು ನಗುವನ್ನೇ ಬಡಿಸಿದಳು.

ಶಾಲೆ ಬಿಟ್ಟ ಮೇಲೆ ಮಗಳು ಅಂಗಡಿಗೇ ಬರುತ್ತಿದ್ದಳು. ಬಾಡಿಗೆಗೆ ಹೋಗದ ಒಂದು ಬರೆಯುವ ಮೇಜು ಅವಳದು. ಪುಟ್ಟಿ ಎಂದು ಕರೆಯುವುದು ರೂಢಿ, ಎತ್ತರ ಆಗಲೇ ನನ್ನ ಭುಜಕ್ಕೆ ಬಂದಿತ್ತು. ಯಾರಾದರೂ “ಯಾವ ಕ್ಲಾಸಮ್ಮ?” ಎಂದರೆ ಅವಳು ಬಾಯಿ ತೆರೆಯುವಷ್ಟರಲ್ಲಿ ನಾನು “ಎಂಟು” ಎಂದಾಗಿರುತ್ತಿತ್ತು. ಡಾಕ್ಟರು ಹೊಟ್ಟೆ ಒತ್ತಿ “ಎಲ್ಲಿ ನೋವು?” ಎಂದರೆ ಜಾಗ ತೋರಿಸಿದ್ದು ನಾನು. ಐಸ್‌ಕ್ರೀಂ ಅಂಗಡಿಯಲ್ಲಿ ಅವಳು “ಚ... ಚ...” ಎನ್ನುತ್ತಿದ್ದ ಹಾಗೆ ನಾನು “ಚಾಕಲೇಟ್ ಒಂದು!” ಎಂದು ಕೂಗುತ್ತಿದ್ದೆ. ಐದನೆಯ ವಯಸ್ಸಿನಿಂದ ಹೀಗೇ ನಡೆದಿತ್ತು. ಎಷ್ಟು ಚೆನ್ನಾಗಿ ಅರ್ಥಮಾಡಿಕೊಂಡಿದ್ದೇನೆ ನನ್ನ ಮಗಳನ್ನು ಎಂದು ಎದೆ ಉಬ್ಬಿಸಿಕೊಳ್ಳುತ್ತಿದ್ದೆ.

“ನಾಳೆ ಅವಳ ಬದಲು ನೀವೇ ಪರೀಕ್ಷೆ ಬರ್ದು ಬನ್ನಿ,” ಎಂದು ಹೆಂಡತಿ ಹಂಗಿಸುತ್ತಿದ್ದಳು.

ಒಂದು ಶನಿವಾರ ಮೇಜಿನ ಹತ್ತಿರ ಪುಟ್ಟಿ ಇರಲಿಲ್ಲ. ಮೇಲೆ ಹೋಗಿ ನೋಡಿದರೆ ಅಕ್ಕನ ಮಕ್ಕಳ ಸುತ್ತಿನಲ್ಲಿ ಕೂತಿದ್ದಾಳೆ. ಅವಳ ಸರದಿ ಬಂದಿತ್ತು. ಬಾಯಿ ತೆರೆದಳು, ಅಕ್ಷರ ಸಿಕ್ಕಿಕೊಂಡಿತು. ನನ್ನ ನಾಲಿಗೆ ತುದಿಯಲ್ಲಿ ಉತ್ತರ ತಯಾರಾಗಿತ್ತು. ಅಷ್ಟರಲ್ಲಿ ಅಕ್ಕ ತಿರುಗದೆಯೇ ಹಿಂದಕ್ಕೆ ಕೈ ಚಾಚಿ, ಬಾಗಿಲನ್ನು ನನ್ನ ಮೂಗಿನ ಮೇಲೆ ಮುಚ್ಚಿದರು.

“ಅಲ್ಲಕ್ಕಾ, ಮಗು ಒದ್ದಾಡ್ತಿತ್ತಲ್ಲ,” ಎಂದೆ ಆಮೇಲೆ.

“ಒದ್ದಾಡ್ತಿದ್ದಿದ್ದು ನೀವು. ಅವಳು ಮಾತಾಡ್ತಿದ್ಲು,” ಎಂದರು.

ಅಲ್ಲಿ ಎಲ್ಲರೂ ಐದು ಎಣಿಸಿಯೇ ಮಾತಾಡುವುದು ನಿಯಮ. ಹಾಗಾಗಿ ಅವಳು ತಡೆಯುವುದು ಯಾರಿಗೂ ಎದ್ದು ಕಾಣುತ್ತಿರಲಿಲ್ಲ. ಬಡಬಡ ಮಾತಾಡುವ ಮಕ್ಕಳೇ ಅಲ್ಲಿ ಹಿಂದೆ ಬಿದ್ದಿದ್ದರು. ನಾನು ಸೇರಿದ್ದರೆ ಮೊದಲ ದಿನವೇ ನಪಾಸು.

ಹೀಗೆ ವರ್ಷ ಕಳೆಯಿತು. ನಡುವೆ ಒಮ್ಮೆ ಅಕ್ಕನಿಗೆ ಹಳೆಯ ಕಂಪನಿಯಿಂದ ಫೋನ್ ಬಂತು. ಧಾರಾವಾಹಿಯ ಎರಡನೆಯ ಭಾಗ ತೆಗೆಯುತ್ತಾರಂತೆ. ಚಿಕ್ಕಮ್ಮ ಟ್ರೇ ಹಿಡಿದು ಆಚೆ ಬರುವುದರಿಂದ ಶುರು, ಜನ ಸಿಳ್ಳೆ ಹೊಡೆಯುತ್ತಾರೆ. ಚಿತ್ರೀಕರಣ ಶನಿವಾರ ಭಾನುವಾರ. “ಕಾಫಿ ಆರಿಹೋಗಿದೆ ಅಂತ ಹೇಳ್ಬಿಟ್ಟೆ,” ಎಂದು ಅಕ್ಕ ನನಗೆ ತಿಳಿಸಿದರು. ಹೇಳಿದ ಮೇಲೆ ಒಂದು ವಾರ ಕಿಟಕಿ ಪಕ್ಕ ಕೂತು ಪಶ್ಚಾತ್ತಾಪ ಪಟ್ಟರಂತೆ. ಅದನ್ನೂ ಅವರೇ ಹೇಳಿದರು, ಮುಚ್ಚಿಡುವ ಜಾತಿಯಲ್ಲ.

ವರ್ಷದ ಕೊನೆಗೆ ಮಕ್ಕಳು ತಾವೇ ಕಟ್ಟಿದ ನಾಟಕ, ನನ್ನ ಗೋದಾಮಿನ ಮೇಲೆಯೇ, ಸಂಜೆ ಐದಕ್ಕೆ, ಎರಡು ದಿನ. ರೈಲ್ವೆ ನಿಲ್ದಾಣದಲ್ಲಿ ಕಳೆದುಹೋದ ಸಾಮಾನು ಇಡುವ ಕಚೇರಿಯ ಕಥೆ. ಕೌಂಟರಿನ ಹಿಂದೆ ಕೂರುವ ಗುಮಾಸ್ತೆ ನಮ್ಮ ಪುಟ್ಟಿ. ಒಬ್ಬ ಕೊಡೆ ಕಳೆದುಕೊಂಡು ಬರುತ್ತಾನೆ, ಒಬ್ಬಳು ಒಂಟಿ ಚಪ್ಪಲಿ. ಕೊನೆಗೆ ಒಬ್ಬ ಅಜ್ಜಿ ಬಂದು, “ಏನೋ ಕಳ್ಕೊಂಡಿದೀನಿ ಮಗಾ, ಏನು ಅಂತ ನೆನಪಾಗ್ತಿಲ್ಲ,” ಎನ್ನುತ್ತಾಳೆ. ಗುಮಾಸ್ತೆ ಹೇಳಬೇಕು: “ಹಾಗಿದ್ರೆ ಕೂತ್ಕೊಳ್ಳಿ. ನೆನಪಾಗೋ ತನಕ ನಾನು ಕಾಯ್ತೀನಿ.” ನಾಟಕದ ಜೀವವೆಲ್ಲ ಈ ಮಾತಿನಲ್ಲಿ. ಪುಟ್ಟಿ ಇದನ್ನು ಕನ್ನಡಿ ಬೀರುವಿನ ಮುಂದೆ ತಿಂಗಳಿಡೀ ಹೇಳಿಕೊಂಡದ್ದು ನನಗೆ ಕೇಳಿಸಿತ್ತು. ಅವಳಿಗಿಂತ ಚೆನ್ನಾಗಿ ನನಗೆ ಬಾಯಿಪಾಠವಾಗಿತ್ತು. ಅನಾಹುತ ಆದದ್ದೇ ಅದರಿಂದ.

ಮೊದಲ ದಿನ ನೂರಿಪ್ಪತ್ತು ಜನ. ಎಲ್ಲ ಕುರ್ಚಿಯೂ ನನ್ನವೇ, ಬಹುಪಾಲು ನಾಲ್ಕು ಕಾಲಿನವು. ನಾನು ಮುಂದಿನ ಸಾಲಿನಲ್ಲಿ ಕೆಂಪು ಸೋಫಾದ ಮೇಲೆ ವಿರಾಜಮಾನ. ಪಕ್ಕದಲ್ಲಿ ಹೆಂಡತಿ. ಕೊಡೆಯವನು ಬಂದ, ಹೋದ. ಪುಟ್ಟಿಯ ಮಾತು ಅಲ್ಲಲ್ಲಿ ತಡೆಯಿತು, ಆದರೆ ಸಾಗಿತು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕೊನೆಗೆ ಅಜ್ಜಿ ಬಂದಳು, ತನ್ನ ಮಾತು ಹೇಳಿದಳು.

ಪುಟ್ಟಿ ಸುಮ್ಮನೆ ಅಜ್ಜಿಯನ್ನು ನೋಡಿದಳು.

ಒಂದು. ಎರಡು. ನನ್ನ ಹೆಂಡತಿ ನನ್ನ ಮಂಡಿಯ ಮೇಲೆ ಕೈಯಿಟ್ಟು ಒತ್ತಿದಳು. ಮೂರು. ಮಗು ಸಿಕ್ಕಿಕೊಂಡಿತು, ನೂರಿಪ್ಪತ್ತು ಜನರ ಮುಂದೆ ಸಿಕ್ಕಿಕೊಂಡಿತು ಎಂದುಕೊಂಡೆ. ನಾನು ಎದ್ದು ನಿಂತೆ. ಸಂತೆಯಲ್ಲಿ ಕೂಗಿ ಪಳಗಿದ ಗಂಟಲು ನನ್ನದು.

“ಹಾಗಿದ್ರೆ ಕೂತ್ಕೊಳ್ಳಿ!” ಎಂದು ಕಿರುಚಿದೆ.

ಹಿಂದೆ ಜಾಗವಿಲ್ಲದೆ ನಿಂತಿದ್ದ ಏಳೆಂಟು ಜನ ಬೆಚ್ಚಿ ನೆಲದ ಮೇಲೆ ಕೂತುಬಿಟ್ಟರು. ಅಜ್ಜಿ ಪಾತ್ರದ ಹುಡುಗಿಯೂ ಕೂತಳು. ಇಡೀ ಸಭೆ ಗೊಳ್ಳೆಂದು ನಕ್ಕಿತು. ನಗದೆ ಇದ್ದವರು ನಾಲ್ವರು. ನಾನು, ನನ್ನ ಹೆಂಡತಿ, ಅಕ್ಕ, ಪುಟ್ಟಿ. ಪುಟ್ಟಿ ನನ್ನನ್ನೊಮ್ಮೆ ನೋಡಿದಳು. “ಒಂದ್ ನಿಮಿಷ,” ಎಂದಳು. ಆ ಎರಡು ಪದ ಮಾತ್ರ ಎಲ್ಲೂ ತಡೆಯದೆ ಬಂದವು. ಪರದೆಯ ಹಿಂದೆ ಹೋದಳು. ಮತ್ತೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದು ಜನ ಚಪ್ಪಾಳೆ ತಟ್ಟಿ ಎದ್ದುಹೋದರು. ನಾಟಕ ಅಲ್ಲಿಗೇ ಮುಗಿಯುವುದು ಎಂದುಕೊಂಡರು ಪಾಪ.

ನಾನು ಇಂಗು ತಿಂದ ಮಂಗನ ಹಾಗೆ ಸೋಫಾದ ಮೇಲೆ ಉಳಿದೆ. ಹೆಂಡತಿ ಕೆಳಗಿಳಿದು ಹೋದಳು. ಅವಳು ಬೈಯದೆ ಇದ್ದ ದಿನ ನನಗೆ ಹೆಚ್ಚು ಭಯ. ಅಕ್ಕ ಬಂದು ಎದುರಿಗೆ ನಿಂತರು. ನೋಡಿದರು. ಐದು ಎಣಿಕೆ ಅಷ್ಟು ಉದ್ದವಿರುತ್ತದೆಂದು ಬಾಡಿಗೆ ಕುದುರಿಸಿದ ದಿನ ನನಗೆ ಗೊತ್ತಾಗಿರಲಿಲ್ಲ.

“ಸಹಾಯ ಮಾಡೋಣ ಅಂತ...” ಎಂದೆ.

“ಗೊತ್ತು.”

“ನಾಳೆ ಅವಳು ಬರ್ತಾಳಾ ಅಕ್ಕಾ?”

“ಅದನ್ನ ನನ್ನ ಯಾಕೆ ಕೇಳ್ತೀರಿ? ಒಳಗಿದಾಳಲ್ಲ.” ಅವರು ನನ್ನ ಪಕ್ಕ ಕೂತರು. ಆ ಸೋಫಾದ ಮೇಲೆ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. “ನೋಡಿ, ನಾನು ಒಳಗೆ ಹೋದಾಗ ಯಾರಾದ್ರೂ ಒಬ್ರು ಬಾಗಿಲ ಹತ್ರ ಬಂದು, ಏನಮ್ಮ, ಏನಾಯ್ತು ಅಂತ ಕೇಳಿದ್ರೆ ಸಾಕಿತ್ತು. ನಲವತ್ತು ದಿನ ಅಷ್ಟಕ್ಕೇ ಕಾದಿದ್ದೆ. ಹೋಗಿ ಕೇಳಿ. ಒಂದೇ ಪ್ರಶ್ನೆ. ಆಮೇಲೆ ಬಾಯಿಗೆ ಬೀಗ.”

ಪರದೆಯ ಹಿಂದೆ ನನ್ನದೇ ಒಂದು ಬೀರು, ಅದರ ಹಿಂದೆ ಪುಟ್ಟಿ, ಮಂಡಿ ಕಟ್ಟಿಕೊಂಡು. ನಾನು ನೆಲದ ಮೇಲೆ ಕೂತೆ.

“ಏನಾಯ್ತು ಪುಟ್ಟಿ?”

ನಾನು ಎಣಿಸತೊಡಗಿದೆ. ಐದಾಯಿತು. ಹತ್ತಾಯಿತು. ತಪ್ಪಾಯ್ತು ಎನ್ನಬೇಕು, ಐಸ್‌ಕ್ರೀಂ ಕೊಡಿಸ್ತೀನಿ ಎನ್ನಬೇಕು, ನಾಳೆ ಬೇಡ ಬಿಡು ಎನ್ನಬೇಕು ಎಂದು ಮಾತುಗಳು ಗಂಟಲಿನಲ್ಲಿ ಸಾಲುಗಟ್ಟಿ ನಿಂತಿದ್ದವು. ಒಂದೊಂದನ್ನೂ ಉಗುಳಿನ ಜೊತೆ ನುಂಗಿದೆ. ಮೂವತ್ತೆಂಟಕ್ಕೆ ಅವಳು ತುಟಿ ತೆರೆದಳು. ಅಕ್ಷರ ಸಿಕ್ಕಿಕೊಂಡಿತು. ನಾನು ಬೀರುವಿನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಬೇರೇನೂ ಹಿಡಿಯಲು ಸಿಗಲಿಲ್ಲ.

“ಮಾ... ಮಾತು ನಿಂತಿದ್ದಲ್ಲ ಅಪ್ಪ,” ಎಂದಳು. “ನಾನು ನಿ... ನಿಲ್ಲಿಸಿದ್ದು.”

ನಿಂತದ್ದಕ್ಕೂ ನಿಲ್ಲಿಸಿದ್ದಕ್ಕೂ ಇರುವ ವ್ಯತ್ಯಾಸ ಮಾತಿನ ವ್ಯಾಪಾರದಲ್ಲೇ ಬದುಕಿದ ನನಗೆ ಗೊತ್ತಿರಬೇಕಿತ್ತು. ಅವಳು ಅಜ್ಜಿಯ ಮಾತನ್ನು ಕೇಳಿಸಿಕೊಳ್ಳುತ್ತಿದ್ದಳು. ಅಕ್ಕ ಕಲಿಸಿದ ಐದು ಎಣಿಕೆಯಲ್ಲಿ ಮೂರು ಮುಗಿದಿತ್ತು, ಇನ್ನೆರಡು ಬಾಕಿಯಿತ್ತು. ಜೀವಮಾನದಲ್ಲಿ ಮೊದಲ ಸಲ ಅವಳು ತನ್ನ ಮೌನವನ್ನು ತಾನೇ ಇಟ್ಟುಕೊಂಡಿದ್ದಳು. ಅಪ್ಪ ಎದ್ದು ನಿಂತು ಅದನ್ನು ಕಿತ್ತುಕೊಂಡ.

ನಾನು ಬೀರುವಿನ ಕಾಲು ಬಿಟ್ಟು ಅವಳ ಪಕ್ಕಕ್ಕೆ ಸರಿದು ಕೂತೆ.

“ನಾಳೆ ನೀ... ನೀನು ಬರ್ಬೇಡ,” ಎಂದಳು. ಆಮೇಲೆ ತಾನೇ ಯೋಚಿಸಿ, “ಬಾ. ಆದ್ರೆ ಸು... ಸುಮ್ನಿರು,” ಎಂದಳು.

ಮರುದಿನ ಬಾಗಿಲಲ್ಲೇ ಅಕ್ಕ ನನ್ನ ಕೈಯಲ್ಲಿ ಒಂದು ಟಾಫಿ ಇಟ್ಟರು. ನಿಂಬೆಹಣ್ಣಿನಷ್ಟು ಗಾತ್ರ, ಕಲ್ಲಿನಷ್ಟು ಗಟ್ಟಿ. “ಗುಮಾಸ್ತೆ ಕೌಂಟರ್‌ಗೆ ಬಂದ ತಕ್ಷಣ ಬಾಯಲ್ಲಿಟ್ಕೊಳ್ಳಿ ಸಾಹುಕಾರ್ರೇ. ಅಗಿಯೋ ಹಾಗಿಲ್ಲ, ಉಗಿಯೋ ಹಾಗಿಲ್ಲ.” ಸಾಲದ್ದಕ್ಕೆ ನನ್ನ ಹೆಂಡತಿಯನ್ನು ಕಾವಲಿಗೆ ಕೂರಿಸಿದರು. ನಾನು ಕೆನ್ನೆ ಊದಿಸಿಕೊಂಡು ಸೋಫಾದ ಮೇಲೆ ಕೂತೆ, ಇಪ್ಪತ್ತೈದು ವರ್ಷದ ಹಿಂದೆ ಹಲ್ಲಿನ ಡಾಕ್ಟರ ಬಳಿಗೆ ಬಂದ ಆ ನಿರ್ದೇಶಕನ ಹಾಗೆ.

ಅಜ್ಜಿ ಬಂದಳು. “ಏನು ಅಂತ ನೆನಪಾಗ್ತಿಲ್ಲ,” ಎಂದಳು. ಒಂದು, ಎರಡು, ಮೂರು. ಸಭೆಯಲ್ಲಿ ಯಾರೋ ಕೆಮ್ಮಿದರು. ನಾಲ್ಕು. ಪುಟ್ಟಿಯ ಮುಖದಲ್ಲಿ ಏನೋ ಬದಲಾಯಿತು. ಅಜ್ಜಿ ಹೇಳಿದ್ದು ಆಗ ತಾನೇ ಅವಳ ಕಿವಿಗೆ ಬಿದ್ದಿತ್ತು. ಐದು.

“ಹಾ... ಹಾಗಿದ್ರೆ ಕೂತ್ಕೊಳ್ಳಿ,” ಎಂದಳು. “ನೆನಪಾಗೋ ತನಕ ನಾನು ಕಾ... ಕಾಯ್ತೀನಿ.”

ಈ ಸಲ ಯಾರೂ ನಗಲಿಲ್ಲ. ನಾನು ಕಣ್ಣೊರೆಸಿಕೊಂಡೆ. ಟಾಫಿಯಿಂದ ಎಂದು ಹೆಂಡತಿಗೆ ಸನ್ನೆ ಮಾಡಿದೆ. ಅವಳೂ ಕಣ್ಣೊರೆಸಿಕೊಳ್ಳುತ್ತಿದ್ದಳು, ಅವಳ ಬಾಯಲ್ಲಿ ಟಾಫಿ ಇರಲಿಲ್ಲ. ಪಕ್ಕದ ಗೋಡೆಗೆ ಒರಗಿ ನಿಂತಿದ್ದ ಅಕ್ಕನ ಕಡೆ ನೋಡಿದೆ. ನಾಟಕ ಮುಗಿದು ದೀಪ ಹತ್ತಿದರೂ, ಮಕ್ಕಳು ಓಡಿಬಂದು ಅಪ್ಪಿಕೊಂಡರೂ ಅವರು ಅಲುಗಿರಲಿಲ್ಲ. ಕಟ್ ಅನ್ನುವವರು ಅಲ್ಲಿ ಯಾರೂ ಇರಲಿಲ್ಲವಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಐಸ್‌ಕ್ರೀಂ ಅಂಗಡಿ ಬಂತು. ಅಂಗಡಿಯವನು ನನ್ನ ಮುಖ ನೋಡಿದೊಡನೆ ಚಾಕಲೇಟಿನ ಡಬ್ಬಕ್ಕೆ ಚಮಚ ಹಾಕಿದ್ದ.

“ತಡಿಯಪ್ಪ. ಅವಳನ್ನ ಕೇಳು,” ಎಂದೆ.

“ಚ...” ಎಂದಳು ಪುಟ್ಟಿ. “ಚ... ಚ...”

ಅಂಗಡಿಯವನ ಚಮಚ ಗಾಳಿಯಲ್ಲಿ ನಿಂತಿತು. ನಾನು ಚಪ್ಪಲಿಯೊಳಗೆ ಕಾಲಿನ ಬೆರಳು ಮಡಚುತ್ತ ಎಣಿಸಿದೆ. ಹನ್ನೊಂದಕ್ಕೆ ಅವಳು ಹೇಳಿದಳು:

“ಚೆರ್ರಿ.”

“ಚೆರ್ರಿನಾ?” ನಾನು ಬೆಪ್ಪಾದೆ. “ಚಾಕಲೇಟ್ ಅಲ್ವಾ?”

“ನಂಗೆ ಚಾ... ಚಾಕಲೇಟ್ ಇಷ್ಟ ಇಲ್ಲಪ್ಪ. ಯಾ... ಯಾವತ್ತೂ ಇಷ್ಟ ಇರ್ಲಿಲ್ಲ.”

ಒಂಬತ್ತು ವರ್ಷ. ಗಿರಾಕಿಗೆ ಏನು ಬೇಕೆಂದು ಅವರ ಹುಬ್ಬು ನೋಡಿಯೇ ಹೇಳುತ್ತೇನೆ ಎಂದು ಊರಿಗೆಲ್ಲ ಸಾರಿಕೊಂಡು ಬಂದ ವ್ಯಾಪಾರಿ, ಒಂಬತ್ತು ವರ್ಷ ಒಬ್ಬಳೇ ಗಿರಾಕಿಗೆ ಬೇಡದ ಮಾಲನ್ನು ಕೊಡಿಸುತ್ತ ಬಂದಿದ್ದ.

ಮೇಲಿನ ಅಂತಸ್ತಿನಲ್ಲಿ ಈಗಲೂ ಶನಿವಾರ ಭಾನುವಾರ ಮಕ್ಕಳು ಧಡಧಡ ಕುಣಿಯುತ್ತಾರೆ. ಕೆಳಗೆ ನನ್ನ ಕನ್ನಡಿ ಬೀರುಗಳು ಗಡಗಡ ನಡುಗುತ್ತವೆ. ಬೀದಿಯಲ್ಲಿ ಜನ ಈಗಲೂ “ಕಾಫಿ ಎಲ್ಲಿ ಅಕ್ಕಾ?” ಎನ್ನುತ್ತಾರೆ. ಪುಟ್ಟಿಯ ಮಾತು ಈಗಲೂ ತಡೆಯುತ್ತದೆ. ಅದು ಹೋಗಿಬಿಟ್ಟಿತು ಎಂದರೆ ಸುಳ್ಳಾಗುತ್ತದೆ. ಆದರೆ ಶುರು ಮಾಡಿದ್ದನ್ನು ಅವಳೇ ಮುಗಿಸುತ್ತಾಳೆ. ಆ ಒಂಬತ್ತು ವರ್ಷ ನನಗೆ ಅವಳ ಮಾತಿನ ಮೊದಲರ್ಧ ಮಾತ್ರ ಗೊತ್ತಿತ್ತು, ಉಳಿದದ್ದೆಲ್ಲ ನನ್ನದೇ ಮಾತಾಗಿತ್ತು. ನನ್ನ ಮಗಳ ಮಾತಿನ ಎರಡನೆಯ ಅರ್ಧ ನನಗೆ ಸಿಕ್ಕಿದ್ದು ಕಾಫಿ ಅಕ್ಕನಿಂದ. ಅಷ್ಟಕ್ಕೆ ನಾನು ಅವರಿಗೆ ಋಣಿ.